ಜಾನ್ಸನ್ ಕ್ರೀಕ್‌ನ ಹಸಿರು ಅಂಗಳ

ಅಮೆರಿಕದ ಐಡಹೊ ರಾಜ್ಯದ ನಡುಭಾಗವೆಲ್ಲ ಬೆಟ್ಟ, ಕಣಿವೆ, ಪೈನ್ ಕಾಡು. ಅಲ್ಲಿ ಯೆಲ್ಲೊ ಪೈನ್ ಎಂಬ ಪುಟ್ಟ ಊರಿಗೆ ಮೂರು ಮೈಲಿ ದಕ್ಷಿಣದಲ್ಲಿ, ಜಾನ್ಸನ್ ಕ್ರೀಕ್ ಎಂಬ ಹೊಳೆಯ ದಂಡೆಯ ಮೇಲೆ ಉದ್ದನೆಯ ಹಸಿರು ಬಯಲೊಂದಿದೆ. ಮೇಲಿನಿಂದ ನೋಡಿದವರು ಹುಲ್ಲುಗಾವಲೆಂದೇ ತಿಳಿದಾರು. ಆದರೆ ಅದೊಂದು ವಿಮಾನ ನಿಲ್ದಾಣ. ಉದ್ದ 3,400 ಅಡಿ, ಅಗಲ 150 ಅಡಿ. ಡಾಂಬರಿಲ್ಲ, ನಿಯಂತ್ರಣ ಗೋಪುರವಿಲ್ಲ, ಇಂಧನವೂ ದೊರೆಯದು.

ಬೇಸಿಗೆ ಬಂದಿತೆಂದರೆ ಇಲ್ಲಿ ಸಣ್ಣ ವಿಮಾನಗಳ ಕೂಟ ನೆರೆಯುತ್ತದೆ. ಬಂದವರು ರೆಕ್ಕೆಯ ನೆರಳಿನಲ್ಲೇ ಡೇರೆ ಹೂಡಿ, ಒಲೆ ಹೊತ್ತಿಸಿ, ಎರಡು ಮೂರು ದಿನ ತಂಗುತ್ತಾರೆ. ಅವುಗಳಲ್ಲಿ ಕಾರ್ಖಾನೆಯಿಂದ ಬಂದ ವಿಮಾನಗಳ ಜೊತೆಗೆ ಮನೆಯ ಕೊಟ್ಟಿಗೆಯಲ್ಲಿ ಹುಟ್ಟಿದವೂ ಇರುತ್ತವೆ. ಬಿಡುವಿನ ವೇಳೆಯಲ್ಲಿ ವರ್ಷಗಟ್ಟಲೆ ಕುಳಿತು ತಗಡು ಕತ್ತರಿಸಿ, ಸಾವಿರಾರು ರಿವೆಟ್ ಬಡಿದು ಕಟ್ಟಿದ ವಿಮಾನಗಳವು. ಅರ್ಧಕ್ಕಿಂತ ಹೆಚ್ಚಿನ ಕೆಲಸವನ್ನು ಹವ್ಯಾಸಿಗಳೇ, ಕಲಿಕೆಗಾಗಿ ಅಥವಾ ಮನೋರಂಜನೆಗಾಗಿ ಮಾಡಿರಬೇಕೆಂಬುದು ಅಲ್ಲಿಯ ಕಾನೂನು. ಸಾಮಾನ್ಯ ವಿಮಾನಗಳ ಸುರಕ್ಷತಾ ನಿಯಮಗಳಿಗೆ ಇದು ಒಳಪಟ್ಟಿಲ್ಲವೆಂಬ ಎಚ್ಚರಿಕೆಯ ಫಲಕವನ್ನು ಪ್ರಯಾಣಿಕರ ಕಣ್ಣೆದುರಿಗೇ ಅಂಟಿಸಿರಬೇಕು. ಮಗನನ್ನೋ ಮಗಳನ್ನೋ ಪಕ್ಕದಲ್ಲಿ ಕೂರಿಸಿಕೊಳ್ಳುವ ತಂದೆ ಪ್ರತಿ ಸಲವೂ ಆ ಫಲಕವನ್ನು ನೋಡಿಯೇ ಹೊರಡುತ್ತಾನೆ.

ಕಣಿವೆಯೊಳಗೆ ಹಾರುವುದಕ್ಕೆ ಅದರದೇ ಶಿಸ್ತುಂಟು. ಚಾಲಕರು ಕಣಿವೆಯ ನಟ್ಟನಡುವೆ ಹಾರದೆ ಒಂದು ಬದಿಯ ಬೆಟ್ಟಕ್ಕೆ ಒತ್ತಿ ಸಾಗುತ್ತಾರೆ. ಹಿಂದಿರುಗಬೇಕಾಗಿ ಬಂದರೆ ಕಣಿವೆಯ ಪೂರ್ಣ ಅಗಲ ತಿರುವಿಗೆ ಉಳಿಯಲಿ ಎಂದು. ಗೋಪುರವಿಲ್ಲದ ಕಾರಣ ಪ್ರತಿಯೊಬ್ಬರೂ ತಾವಿರುವ ಸ್ಥಳವನ್ನು ಒಂದೇ ರೇಡಿಯೊ ತರಂಗದಲ್ಲಿ ಉಳಿದವರಿಗೆ ಸಾರಬೇಕು. ಇಳಿಯುವ ಮುನ್ನ ಹುಲ್ಲಿನ ಮೇಲೆ ಜಿಂಕೆಗಳು ಮೇಯುತ್ತಿವೆಯೇ ಎಂದು ನೋಡಿಕೊಳ್ಳಬೇಕು.

ಇಳಿಯುವುದಕ್ಕಿಂತ ಕಠಿಣವಾದದ್ದು ಏರುವುದು. ನಿಲ್ದಾಣ ಸಮುದ್ರಮಟ್ಟದಿಂದ ಸುಮಾರು 4,900 ಅಡಿ ಎತ್ತರದಲ್ಲಿದೆ. ಬಿಸಿಲೇರಿದಂತೆ ಗಾಳಿ ತೆಳುವಾಗುತ್ತದೆ. ತೆಳುವಾದ ಗಾಳಿಯಲ್ಲಿ ರೆಕ್ಕೆಗೆ ಎತ್ತುವ ಬಲ ಕಡಿಮೆ, ಎಂಜಿನ್‌ಗೆ ಉಸಿರು ಕಡಿಮೆ. ಮಧ್ಯಾಹ್ನದ ಉಷ್ಣತೆ 30 ಡಿಗ್ರಿ ಸೆಲ್ಸಿಯಸ್ ಮುಟ್ಟಿತೆಂದರೆ ವಿಮಾನವು ಸುಮಾರು 8,000 ಅಡಿ ಎತ್ತರದಲ್ಲಿ ನಿಂತಿರುವಂತೆಯೇ ವರ್ತಿಸುತ್ತದೆ. ಮುಂಜಾನೆ ಹಗುರಾಗಿ ಏರಿದ ವಿಮಾನವೇ ಆಗ ಹುಲ್ಲಿನ ಮೇಲೆ ಬಹುದೂರ ಓಡುತ್ತದೆ. ಎದುರಿಗೆ ಬೆಟ್ಟವೂ ಸಮೀಪಿಸುತ್ತದೆ.

ಕೂಟದ ಕೊನೆಯ ದಿನ ಪರೀಕ್ಷೆ ನಡೆಯುವುದು ಇಲ್ಲಿಯೇ. ಮರುದಿನ ಕೆಲಸಕ್ಕೆ ಹಾಜರಾಗಬೇಕು, ಮನೆಯಲ್ಲಿ ಕಾಯುವವರಿದ್ದಾರೆ, ಡೇರೆ ಮಡಿಸಿದ್ದಾಗಿದೆ. ಹಾಗಿದ್ದರೂ ತಿಳಿದವನು ಉಷ್ಣಮಾಪಕವನ್ನು ನೋಡುತ್ತಾನೆ, ಹೊರೆಯನ್ನು ಕೂಡುತ್ತಾನೆ, ಓಟದ ದೂರವನ್ನು ಲೆಕ್ಕ ಹಾಕುತ್ತಾನೆ. ಲೆಕ್ಕ ಒಪ್ಪದಿದ್ದರೆ ಡೇರೆಯನ್ನು ಮತ್ತೆ ಬಿಚ್ಚುತ್ತಾನೆ. ತಾನೇ ಕಟ್ಟಿದ ವಿಮಾನದ ಮೇಲಿನ ಅಭಿಮಾನಕ್ಕೆ ಆ ಲೆಕ್ಕದಲ್ಲಿ ಸ್ಥಾನವಿಲ್ಲ. ಹಾಗೆ ಉಳಿದವನನ್ನು ಅಲ್ಲಿ ಯಾರೂ ಅಂಜುಬುರುಕನೆನ್ನುವುದಿಲ್ಲ. ಪಕ್ಕದ ಡೇರೆಯವರು ಊಟಕ್ಕೆ ಕರೆಯುತ್ತಾರೆ.

ಈ ಬಯಲುಗಳು ವಿನೋದಕ್ಕಷ್ಟೇ ಉಳಿದುಕೊಂಡವಲ್ಲ. ಇದರ ಪೂರ್ವಕ್ಕೆ ಹಬ್ಬಿರುವ, 1980ರಲ್ಲಿ ಕಾನೂನಿನ ರಕ್ಷಣೆ ಪಡೆದ ಮಹಾರಣ್ಯದಲ್ಲಿ ಮೋಟಾರು ವಾಹನಗಳಿಗೆ ಪ್ರವೇಶವಿಲ್ಲ. ಆದರೆ ಆಗ ಬಳಕೆಯಲ್ಲಿದ್ದ ವಿಮಾನ ಪಟ್ಟಿಗಳನ್ನು ರಾಜ್ಯದ ಒಪ್ಪಿಗೆಯಿಲ್ಲದೆ ಶಾಶ್ವತವಾಗಿ ಮುಚ್ಚಬಾರದೆಂದು ಅದೇ ಕಾನೂನು ವಿಧಿಸಿತು. ಅಲ್ಲಿಯ ದೂರದ ಒಂಟಿಮನೆಗಳಿಗೆ ಅಂಚೆ ಇಂದಿಗೂ ವಿಮಾನದಲ್ಲೇ ಬರುತ್ತದೆ.

ಮರುದಿನ ಬೆಳಗಿನ ಜಾವ ಹೊಳೆಯ ಮೇಲೆ ಮಂಜು ತೆಳುವಾಗುತ್ತಿರುತ್ತದೆ. ಚಾಲಕ ರೆಕ್ಕೆಗಳ ಇಬ್ಬನಿ ಒರೆಸಿ, ತಾನೇ ಬಡಿದ ರಿವೆಟ್‌ಗಳ ಸಾಲಿನ ಮೇಲೆ ಬೆರಳಾಡಿಸಿ, ಇಂಧನವನ್ನು ಅಳೆಯುತ್ತಾನೆ. ಗಾಳಿ ಈಗ ತಂಪಾಗಿದೆ. ಲೆಕ್ಕವೂ ಒಪ್ಪಿದೆ. ವಿಮಾನ ಹುಲ್ಲನ್ನು ಬಿಟ್ಟು, ಹೊಳೆ ಹರಿಯುವ ದಿಕ್ಕನ್ನೇ ಹಿಡಿದು, ಉತ್ತರಕ್ಕೆ ಏರತೊಡಗುತ್ತದೆ.