ಬಿಸಿಲೂರಿನ ಕಡಲು, ಶೂ ಡಬ್ಬಿಯ ಹುಳು

ಮದುವೆಯಾಗಿ ಸಾತನೂರಿಗೆ ಬಂದ ಮೂವತ್ತೊಂದು ವರ್ಷದಲ್ಲಿ ನಮ್ಮ ಹುಳುಮನೆಗೆ ಬೀಗ ಬಿದ್ದದ್ದು ಹೋದ ವರ್ಷ ಮೇ ತಿಂಗಳಲ್ಲೇ ಮೊದಲು. ಒಂದು ಬೆಳೆಯ ಗೂಡು ಬಿಡಿಸುವಷ್ಟರಲ್ಲಿ ಮುಂದಿನ ಬೆಳೆಗೆ ಚಾಕಿ ಹುಳು ಹೇಳಿಟ್ಟಿರುತ್ತಿದ್ದ ಮನೆ ನಮ್ಮದು. ನೆಂಟರ ಮದುವೆಗೆ ಹೋದರೂ ಧಾರೆ ಮುಗಿಯುತ್ತಲೇ, "ಹುಳಕ್ಕೆ ಸೊಪ್ಪು ಹಾಕ್ಬೇಕು" ಅಂತ ಬಸ್ಸು ಹತ್ತಿಬಿಡುತ್ತಿದ್ದೆ. ಅಂಥವಳು ಎರಡು ತಿಂಗಳು ಸ್ಪೇನ್ ದೇಶದ ವೆಲೆನ್ಸಿಯಾಕ್ಕೆ ಹೊರಟೆ. ಮಗ ಅಲ್ಲಿ ಕೆಲಸದಲ್ಲಿದ್ದಾನೆ. ಹಸುವನ್ನು ನಾದಿನಿಗೆ ಒಪ್ಪಿಸಿದೆ, ಕಬ್ಬಾಳಮ್ಮನಿಗೆ ಹಣ್ಣುಕಾಯಿ ಮಾಡಿಸಿದೆ, ಹೊರಟೇಬಿಟ್ಟೆ.

ಮಗ ಕರೆಸಿಕೊಂಡದ್ದು ಕಡಲು ತೋರಿಸುವುದಕ್ಕೆ ಮಾತ್ರ ಅಲ್ಲ ಅನ್ನೋದು ನನಗೂ ಗೊತ್ತಿತ್ತು. ನಮ್ಮ ಯಜಮಾನರು ಹೋಗಿ ನಾಲ್ಕು ವರ್ಷ ಆಯಿತು. ನನ್ನ ಮಂಡಿ ಸವೆದಿದೆ. ಎರಡು ಎಕರೆ ಹಿಪ್ಪುನೇರಳೆ ತೋಟಕ್ಕೆ ಲೇಔಟ್ ಮಾಡುವವರು ಒಳ್ಳೆ ಬೆಲೆ ಹೇಳಿದ್ದರು. "ಅವ್ವಾ, ಇನ್ನೆಷ್ಟು ದಿನ ಹುಳ ಹುಳ ಅಂತೀಯ? ಕೊಟ್ಬುಟ್ಟು ನಮ್ಜೊತೆ ಇದ್ಬುಡು" ಅಂತ ಫೋನಿನಲ್ಲಿ ಪ್ರತಿ ಭಾನುವಾರ ಇದೇ ಮಾತು. ನೋಡಿ ಬಂದು ಹೇಳ್ತೀನಿ ಅಂದಿದ್ದೆ.

ವೆಲೆನ್ಸಿಯಾ ಮೆಡಿಟರೇನಿಯನ್ ಕಡಲಿನ ದಡದ ಊರು. ಬಿಸಿಲೋ ಬಿಸಿಲು. ರಾತ್ರಿ ಒಂಬತ್ತು ಗಂಟೆಗೂ ಬೆಳಕು ಇರುತ್ತದೆ. ಜನ ಊಟಕ್ಕೆ ಕೂರುವುದೇ ಆಮೇಲೆ. ಮಧ್ಯಾಹ್ನ ಎಷ್ಟೋ ಅಂಗಡಿಗಳ ಬಾಗಿಲು ಹಾಕಿರುತ್ತದೆ. ಊರಿನಿಂದ ಟ್ರಾಮ್ ಹತ್ತಿದರೆ ಮಾಲ್ವರೋಸಾ ಕಡಲತೀರ. ಅಗಲವಾದ ಮರಳು, ಮರಳಿನ ಮೇಲೆ ಸಾಲುಸಾಲು ಜನ. ನಮ್ಮೂರಲ್ಲಿ ಬಿಸಿಲು ಏರಿದರೆ ತಲೆ ಮೇಲೆ ಸೆರಗು ಎಳೆದುಕೊಳ್ಳುತ್ತೇವೆ. ಇಲ್ಲಿ ಅದೇ ಬಿಸಿಲಿಗಾಗಿ ದೂರದ ದೇಶಗಳಿಂದ ಟಿಕೆಟ್ ಕೊಂಡು ಬರುತ್ತಾರೆ. ಮೈಮೇಲೆ ಬಟ್ಟೆ ಕಡಿಮೆ. ಮೊದಲ ದಿನ ಎಲ್ಲಿ ನೋಡಬೇಕೋ ತಿಳಿಯದೆ ಆಕಾಶವನ್ನೇ ನೋಡುತ್ತಾ ಕೂತಿದ್ದೆ. ಮೂರನೇ ದಿನಕ್ಕೆ ನನ್ನನ್ನು ಅಲ್ಲಿ ಯಾರೂ ನೋಡುತ್ತಿಲ್ಲ ಅಂತ ಅರಿವಾಯಿತು. ಸೀರೆ ಮೊಣಕಾಲವರೆಗೆ ಎತ್ತಿ ಕಟ್ಟಿ ನೀರಿಗಿಳಿದೆ. ನೀರು ತಣ್ಣಗಿತ್ತು. ಮಂಗಳೂರಿನ ಪಣಂಬೂರಲ್ಲಿ ಕಂಡಿದ್ದ ಅಬ್ಬರ ಇಲ್ಲಿಲ್ಲ, ಕೆರೆಯ ದಡದಲ್ಲಿ ನಿಂತ ಹಾಗೆ ಸಣ್ಣಸಣ್ಣ ಅಲೆ. ಈ ಕಡಲಲ್ಲಿ ಉಬ್ಬರ ಇಳಿತವೂ ತೀರ ಕಡಿಮೆಯಂತೆ.

ಇದೇ ದಡದ ಚಿತ್ರಗಳನ್ನು ಬರೆದ ಹೋಆಕಿನ್ ಸೊರೋಯಾ (1863–1923) ಅನ್ನುವ ಕಲಾವಿದರು ವೆಲೆನ್ಸಿಯಾದವರೇ. ಅವರ ಒಂದು ಚಿತ್ರವನ್ನು ಸೊಸೆ ಮೊಬೈಲಿನಲ್ಲಿ ತೋರಿಸಿದಳು. ಮೀನಿನ ದೋಣಿಯನ್ನು ದಡಕ್ಕೆ ಎಳೆಯುತ್ತಿರುವ ಜೋಡಿ ಎತ್ತು! ಕಡಲಿನೊಳಗೆ ನೊಗ ಹೊತ್ತ ಎತ್ತನ್ನು ಕಂಡು, ಪರವಾಗಿಲ್ಲ, ಇದು ನಮಗೆ ತೀರ ಪರಕೀಯ ಊರಲ್ಲ ಅನ್ನಿಸಿತು.

ಒಂದು ಶನಿವಾರ ರೈಲಿನಲ್ಲಿ ಗಾಂಡಿಯಾ ಅನ್ನುವ ಊರಿನ ಕಡಲತೀರಕ್ಕೆ ಹೋದೆವು. ಸುಮಾರು ಒಂದು ಗಂಟೆ ದಾರಿ. ಕಿಟಕಿಯಾಚೆ ಮೊದಲು ಭತ್ತದ ಗದ್ದೆ, ಮಂಡ್ಯದ ಕಡೆ ಹೋದ ಹಾಗೇ. ಮುಂದೆ ಕುಯ್ಯೇರಾ ಊರಿನ ಗುಡ್ಡ, ತಲೆ ಮೇಲೊಂದು ಕೋಟೆ. ನನ್ನ ಬಾಯಲ್ಲಿ "ನಮ್ಮ ಕಬ್ಬಾಳದುರ್ಗ" ಅಂತ ತಾನಾಗಿ ಬಂತು. ಆಮೇಲೆ ಎತ್ತ ನೋಡಿದರೂ ಕಿತ್ತಳೆ ತೋಟ. ಗಾಂಡಿಯಾದಲ್ಲಿ ಎತ್ತರದ ಹೋಟೆಲುಗಳು, ಬಾಡಿಗೆ ಛತ್ರಿಗಳು, ಮಕ್ಕಳ ಗಲಾಟೆ. ಅಲ್ಲಿ ಪಯೆಯಾ ತಿಂದೆವು. ಅಗಲ ಬಾಣಲೆಯಲ್ಲಿ ಮಾಡಿದ ಅನ್ನ. ಕೋಳಿ, ಮೊಲದ ಮಾಂಸ, ಜೊತೆಗೆ ನಮ್ಮ ಡಬ್ಬಲ್ ಬೀನ್ಸಿನಂಥದೇ ಕಾಳು. ಕೆಲವು ಕಡೆ ಬಸವನಹುಳುವನ್ನೂ ಹಾಕುತ್ತಾರಂತೆ. ನಮ್ಮ ತಟ್ಟೆಯಲ್ಲಿ ಇರಲಿಲ್ಲ, ಬದುಕಿಕೊಂಡೆ.

ಆ ಕಿತ್ತಳೆ ತೋಟಗಳ ಕಥೆ ನನಗೆ ತಿಳಿದದ್ದು ಮುಂದಿನ ವಾರ, ಊರ ನಡುವಿನ ಲೋಂಜಾ ದೆ ಲಾ ಸೆದಾ ನೋಡಲು ಹೋದಾಗ. ಹಾಗೆಂದರೆ ರೇಷ್ಮೆ ವ್ಯಾಪಾರದ ಕಟ್ಟೆ! 1482ರಲ್ಲಿ ಕಟ್ಟಲು ಶುರು ಮಾಡಿದ್ದು. 1996ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದೆ. ಹಗ್ಗ ಹುರಿ ಮಾಡಿ ನಿಲ್ಲಿಸಿದಂತೆ ತಿರುಚಿಕೊಂಡ ಕಲ್ಲಿನ ಕಂಬಗಳು. ಮೋಸವಿಲ್ಲದೆ ವ್ಯಾಪಾರ ಮಾಡಬೇಕು ಅನ್ನುವ ಬುದ್ಧಿಮಾತು ಗೋಡೆಯ ಸುತ್ತ ಲ್ಯಾಟಿನ್ ಭಾಷೆಯಲ್ಲಿದೆ. ಸಾಲ ತೀರಿಸದ ವ್ಯಾಪಾರಿಗಳನ್ನು ಕೂಡಿಹಾಕಲು ಅಲ್ಲೇ ಗೋಪುರದಲ್ಲಿ ಸೆರೆಮನೆ ಬೇರೆ. ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ ಲಾಟ್ ನಂಬರ್ ಹಿಡಿದು ವರ್ಷಗಟ್ಟಲೆ ನಿಂತವಳು ನಾನು. ಇಂಥದೊಂದು ಸೆರೆಮನೆ ನಮ್ಮಲ್ಲೂ ಇದ್ದಿದ್ದರೆ ಅಂತ ಒಬ್ಬಿಬ್ಬರ ಮುಖ ನೆನಪಾಗಿ ನಗು ಬಂತು.

ಪಕ್ಕದ ಬಡಾವಣೆಯಲ್ಲಿ ರೇಷ್ಮೆಯ ವಸ್ತುಸಂಗ್ರಹಾಲಯವೂ ಇದೆ. 1479ರಷ್ಟು ಹಿಂದೆಯೇ ಇಲ್ಲಿ ಮಖಮಲ್ ನೇಯುವವರ ಸಂಘ ಇತ್ತಂತೆ. ಸುತ್ತಲ ಹಳ್ಳಿಗಳಲ್ಲೆಲ್ಲ ಹಿಪ್ಪುನೇರಳೆ. ಆಮೇಲೆ 19ನೇ ಶತಮಾನದ ನಡುವಿನಲ್ಲಿ ಯುರೋಪಿನ ಹುಳುಗಳಿಗೆ ಗಂಟುರೋಗ ಬಡಿಯಿತು. ರೈತರು ಹಿಪ್ಪುನೇರಳೆ ಕಿತ್ತು ಕಿತ್ತಳೆ ಇಟ್ಟರು. ಫ್ರಾನ್ಸಿನಲ್ಲಿ ಲೂಯಿ ಪಾಶ್ಚರ್ 1865ರಿಂದ ಆ ರೋಗದ ಹಿಂದೆ ಬಿದ್ದು, ಮೊಟ್ಟೆಯಿಟ್ಟ ತಾಯಿ ಚಿಟ್ಟೆಯನ್ನೇ ಅರೆದು ಸೂಕ್ಷ್ಮದರ್ಶಕದಲ್ಲಿ ನೋಡುವ ಕ್ರಮ ಹಾಕಿಕೊಟ್ಟರು. ಇವತ್ತು ನಮಗೆ ಬರುವ ರೋಗರಹಿತ ಮೊಟ್ಟೆ ಆ ಪರೀಕ್ಷೆ ದಾಟಿಯೇ ಬರುವುದು. ನಮ್ಮನ್ನು ಉಳಿಸಿದ ವಿದ್ಯೆ ಇವರ ತೋಟಗಳನ್ನು ಉಳಿಸಲಿಲ್ಲ. ಮಾರ್ಚ್ ತಿಂಗಳ ಫಾಯಾಸ್ ಹಬ್ಬಕ್ಕೆ ಹೆಂಗಸರು ಈಗಲೂ ಭಾರಿ ಬೆಲೆಯ ರೇಷ್ಮೆ ಲಂಗ ತೊಡುತ್ತಾರೆ. ಕಟ್ಟೆ ಇದೆ, ಮಗ್ಗ ಇದೆ, ಲಂಗ ಇದೆ. ಹುಳು ಸಾಕಿ ಹೊಟ್ಟೆ ಹೊರೆಯುವ ಮನೆ ಮಾತ್ರ ಇಲ್ಲ. ಗಾಜಿನ ಪೆಟ್ಟಿಗೆಯ ಮುಂದೆ ಸುಮ್ಮನೆ ನಿಂತೆ. ಮಗನೂ ಏನೂ ಮಾತಾಡಲಿಲ್ಲ.

ಆದರೆ ಹುಳು ನನ್ನನ್ನು ಹುಡುಕಿಕೊಂಡು ಬಂತು. ಮೇ ಕೊನೆಯ ವಾರ, ಎದುರು ಮನೆಯ ಎಂಟು ವರ್ಷದ ಹುಡುಗ ಶೂ ಡಬ್ಬಿ ಹಿಡಿದು ನಮ್ಮ ಮೊಮ್ಮಗಳ ಹತ್ತಿರ ಬಂದ. ಮುಚ್ಚಳ ತೆಗೆದರೆ ಹದಿನೈದು ಇಪ್ಪತ್ತು ರೇಷ್ಮೆ ಹುಳು! ಸ್ಪೇನಿನಲ್ಲಿ ವಸಂತ ಬಂತೆಂದರೆ ಮಕ್ಕಳು ಹೀಗೆ ಆಟಕ್ಕೆ ಹುಳು ಸಾಕುತ್ತಾರಂತೆ. ಬೀದಿಯಲ್ಲಿ ನೆರಳಿಗೆ ಬೆಳೆಸಿದ ಹಿಪ್ಪುನೇರಳೆ ಮರದ ಸೊಪ್ಪು ತಂದು ಹಾಕುತ್ತಾರೆ. ಹುಡುಗ ಅಳುಮೋರೆ ಹಾಕಿದ್ದ. ನಾಲ್ಕು ಹುಳು ಸತ್ತಿದ್ದವು. ಸೊಪ್ಪು ಮುಟ್ಟಿ ನೋಡಿದೆ, ಒದ್ದೆ. ಫ್ರಿಜ್ಜಿನಿಂದ ತೆಗೆದು ಹಾಗೇ ಹಾಕಿದ್ದ. ಕೆಳಗೆ ಹಿಕ್ಕೆ ಬೂಷ್ಟು ಹಿಡಿದಿತ್ತು.

ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಕೂತೆ. ನಾನು ಹೇಳುವುದನ್ನು ಮೊಮ್ಮಗಳು ಅವನಿಗೆ ಸ್ಪ್ಯಾನಿಷಿನಲ್ಲಿ ಹೇಳುತ್ತಿದ್ದಳು. ಹಾಸಿಗೆ ಬದಲಿಸಬೇಕು. ಸೊಪ್ಪನ್ನು ಬಟ್ಟೆಯಲ್ಲಿ ಒರೆಸಬೇಕು. ಮುಚ್ಚಳಕ್ಕೆ ತೂತು ಸಾಲದು, ತೆಗೆದೇ ಇಡು. ಆರು ದಿನಕ್ಕೆ ಹುಳು ಹಣ್ಣಾದವು. ಮೈ ತಿಳಿಯಾಗಿ, ಸೊಪ್ಪು ಬಿಟ್ಟು, ತಲೆ ಎತ್ತಿ ಆಡಿಸತೊಡಗಿದವು. ಚಂದ್ರಿಕೆ ಎಲ್ಲಿಂದ ತರುವುದು? ಮೊಟ್ಟೆಯ ಟ್ರೇ ಸಾಕು ಅಂದ ಹುಡುಗ. ಅದರ ಗುಳಿಗಳಲ್ಲೇ ಹಳದಿ ಗೂಡು ಕಟ್ಟಿದವು, ನಮ್ಮ ಮಿಶ್ರತಳಿ ಗೂಡಿನದೇ ಬಣ್ಣ.

ಎಣಿಸಿ ಐದು ದಿನ ಆದ ಮೇಲೆ ಬಿಡಿಸಲು ಕೈ ಹಾಕಿದೆ. ಹುಡುಗ ಬೇಡ ಅಂತ ಕೈ ಹಿಡಿದುಕೊಂಡ. ಮಕ್ಕಳು ಇಲ್ಲಿ ಚಿಟ್ಟೆ ಬರುವ ತನಕ ಕಾಯುತ್ತಾರಂತೆ. ನಮ್ಮ ಮನೆಯಲ್ಲಿ ಚಿಟ್ಟೆ ಹೊರಬಂತು ಅಂದರೆ ಗೂಡು ತೂತು, ಬೆಳೆ ನಷ್ಟ. ಅದನ್ನು ಕಂಡು ಎದೆ ಒಡೆದುಕೊಂಡವಳೇ ಹೊರತು ಕಾದು ನೋಡಿದವಳಲ್ಲ. ಜೂನ್ ನಡುವಿನಲ್ಲಿ ಒಂದು ಬೆಳಿಗ್ಗೆ ಗೂಡಿನ ತುದಿ ಒದ್ದೆಯಾಗಿ ಬಿಳಿ ಚಿಟ್ಟೆ ಹೊರಬಂತು. ರೆಕ್ಕೆ ಇದ್ದರೂ ಹಾರಲಿಲ್ಲ, ಟ್ರೇ ಮೇಲೆ ನಡುಗುತ್ತಾ ನಡೆಯಿತು. ಮೂವತ್ತೊಂದು ವರ್ಷ ಸಾಕಿದ ಜೀವದ ಕೊನೆಯ ಘಟ್ಟವನ್ನು ಪರದೇಶದ ಮೂರನೇ ಮಹಡಿಯಲ್ಲಿ, ಎರಡು ಮಕ್ಕಳ ಜೊತೆ ಕೂತು ನೋಡಿದೆ. ಕಣ್ಣು ತುಂಬಿತು. ಯಾಕೆ ಅಂತ ಮೊಮ್ಮಗಳು ಕೇಳಿದಳು. ಧೂಳು ಅಂದೆ.

ಜೂನ್ 23ರ ರಾತ್ರಿ ಸಾನ್ ಹುವಾನ್ ಹಬ್ಬ. ಕಡಲತೀರದ ಉದ್ದಕ್ಕೂ ಬೆಂಕಿ ಹಾಕಿ, ನಡುರಾತ್ರಿ ನೀರಿಗಿಳಿದು ಅಲೆಗಳನ್ನು ಹಾರಿ ಏನಾದರೂ ಬೇಡಿಕೊಳ್ಳುತ್ತಾರೆ. ಕೊಂಡ ಹಾಯುವುದನ್ನು ನೋಡಿದ ನನಗೆ ಬೆಂಕಿ ಹೊಸದಲ್ಲ, ಅಲೆ ಹಾರುವುದು ಹೊಸದು. ಮಂಡಿ ಬಿಡಲಿಲ್ಲ. ಮಗ ಕೈ ಹಿಡಿದು ಏಳು ಅಲೆ ದಾಟಿಸಿದ. "ಏನ್ ಕೇಳ್ಕೊಂಡೆ ಅವ್ವಾ?" ಅಂದ. "ತೋಟ ಕೊಡಲ್ಲ ಕಣಪ್ಪ" ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದ: "ಆಯ್ತು. ಆದ್ರೆ ಬೆಳೆಗೆ ಇನ್ನೂರು ಮೊಟ್ಟೆ ಬ್ಯಾಡ. ನಿನ್ ಮಂಡಿಗೆ ಎಷ್ಟಾಯ್ತದೋ ಅಷ್ಟೇ."

ಊರಿಗೆ ಬಂದು ಹುಳುಮನೆ ತೊಳೆದು, ಸುಣ್ಣ ಹೊಡೆಸಿ, ಐವತ್ತು ಮೊಟ್ಟೆಯ ಚಾಕಿ ತಂದೆ. ಒಂದು ಎಕರೆಯನ್ನು ಪಕ್ಕದವರಿಗೆ ವಾರಕ್ಕೆ ಕೊಟ್ಟಿದ್ದೇನೆ. ಮಗ ಹೇಳಿದ ಹಾಗೆ ಸೊಪ್ಪು ಹೊರುವುದಕ್ಕೆ ಒಬ್ಬಳನ್ನು ಇಟ್ಟುಕೊಂಡಿದ್ದೇನೆ. ಗೂಡು ಬಿಡಿಸಿದ ದಿನ ಹತ್ತು ಗೂಡು ಎತ್ತಿ ಬೇರೆ ಇಟ್ಟೆ. "ಅದ್ಯಾಕಕ್ಕಾ, ಬೀಜಕ್ಕಾ?" ಅಂತ ಕೇಳಿದಳು ಅವಳು. ಮೊಟ್ಟೆಯ ಟ್ರೇಯಲ್ಲಿ ಜೋಡಿಸಿ ಕಿಟಕಿಯ ಹತ್ತಿರ ಇಟ್ಟಿದ್ದೇನೆ. ಚಿಟ್ಟೆ ಬಂದ ದಿನ ವೆಲೆನ್ಸಿಯಾಕ್ಕೆ ವಿಡಿಯೊ ಕಾಲ್ ಮಾಡಬೇಕು ಅಂತ ಮೊಮ್ಮಗಳ ಕಟ್ಟಪ್ಪಣೆ ಆಗಿದೆ.