ಒಂದೇ ಪ್ರವಚನ, ಇಬ್ಬರು ಮಕ್ಕಳು

ಜೈನರ ಮನೆಯಲ್ಲಿ ಕಥೆ ಕೇಳಬೇಕಾದರೆ ಹೊತ್ತು ಮುಳುಗುವುದರೊಳಗೆ ಊಟ ಮುಗಿಸಿರಬೇಕು. ಶೇಡಬಾಳದ ನಮ್ಮ ಓಣಿಯಲ್ಲಿ ಹುಟ್ಟಿ ಬೆಳೆದ ಎಲ್ಲರಿಗೂ ಇದು ಗೊತ್ತು. ನಾವು ಲಿಂಗಾಯತರು, ಎದುರುಮನೆಯ ಅಕ್ಕ ಜೈನರಾಕಿ. ಓಣಿಯ ಮುದುಕರಿಗೂ ಅವಳು ಅಕ್ಕ, ಮೊನ್ನೆ ಅಂಬೆಗಾಲಿಟ್ಟ ಕೂಸಿಗೂ ಅಕ್ಕ. ಅವಳ ಕಟ್ಟಿಯ ಮೇಲೆ ಕುಂತು ಕೇಳಿದ ಮಾತು ಬಹಳ. ಅದರಲ್ಲಿ ಒಂದು ಸಂಜೆಯದನ್ನು ಹೇಳುತ್ತೇನೆ.

2024ರ ಫೆಬ್ರುವರಿ. ಯಾವ ಕೆಲಸಕ್ಕೆ ಊರಿಗೆ ಹೋಗಿದ್ದೆನೋ ಈಗ ನೆನಪಾಗುತ್ತಿಲ್ಲ. ಹೊಲದ ಮಾತಿತ್ತೋ, ಯಾರದೋ ಮದುವೆಯೋ. ಕಬ್ಬಿನ ಹಂಗಾಮು ಮುಗಿಯುತ್ತ ಬಂದಿತ್ತು. ಉಗಾರದ ಕಾರ್ಖಾನೆಯ ಕಡೆ ಹೊರಟ ಟ್ರ್ಯಾಕ್ಟರುಗಳು ಎರಡೆರಡು ಟ್ರೇಲರ್ ಎಳೆದುಕೊಂಡು, ಹಾಡು ಹಚ್ಚಿಕೊಂಡು ಹೋಗುತ್ತಿದ್ದವು. ಮುಂಜಾನೆ ಚಳಿ, ಮಧ್ಯಾಹ್ನ ಸುಡುಬಿಸಿಲು. ಆ ದಿನ ಬೆಳಕು ಹರಿಯುವುದರೊಳಗೆ ಛತ್ತೀಸಗಡದ ಡೋಂಗರಗಡದಿಂದ ಸುದ್ದಿ ಬಂದಿತ್ತು: ದಿಗಂಬರ ಜೈನ ಮುನಿ ಆಚಾರ್ಯ ವಿದ್ಯಾಸಾಗರರು ಅನ್ನ-ನೀರು ತೊರೆಯುವ ಸಲ್ಲೇಖನ ವ್ರತದಲ್ಲಿ ದೇಹ ಬಿಟ್ಟರು. ಎಲ್ಲರ ಫೋನಿನಲ್ಲೂ ಅದೇ ಚಿತ್ರ, ಅದೇ ಮಾತು.

ಅಕ್ಕ ಅಳಲಿಲ್ಲ. "ಹೋಗೂದಲ್ಲ ಅದು, ಮುಗಸೂದು" ಅಂದಳು. ಅಂದು ರೊಟ್ಟಿ ಬಡಿಯಲು ಕುಂತಳು.

ಅವಳ ಅಡಿಗೆಯ ಬಗ್ಗೆ ಎರಡು ಮಾತು ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಉಳ್ಳಾಗಡ್ಡಿ ಇಲ್ಲ, ಬಳ್ಳೊಳ್ಳಿ ಇಲ್ಲ, ನೆಲದೊಳಗಿನ ಗಡ್ಡೆ ಯಾವುದೂ ಇಲ್ಲ. ಆದರೂ ಅವಳ ಮಡಕಿಕಾಳಿನ ಪಲ್ಲೆಯ ಮುಂದೆ ಬೇರೆ ಪಲ್ಲೆ ನಿಲ್ಲುವುದಿಲ್ಲ. ಜೋಳದ ರೊಟ್ಟಿ, ಶೇಂಗಾ ಹಿಂಡಿ, ಕೆನೆ ಮೊಸರು, ಕೊನೆಗೆ ಹೊಸ ಬೆಲ್ಲದ ಒಂದು ಉಂಡೆ. ನೀರನ್ನಂತೂ ಎರಡು ಪದರಿನ ಅರಿವೆಯಲ್ಲಿ ಸೋಸಿಯೇ ಕುಡಿಯುವುದು, ಕೊಡುವುದು. ಸೋಸಿದ ಮೇಲೆ ಅರಿವೆಯಲ್ಲಿ ಉಳಿದದ್ದನ್ನು ಚೆಲ್ಲುವ ಹಾಗಿಲ್ಲ. ಅದೇ ನೀರಿನಲ್ಲಿ ಜಾಲಾಡಿಸಿ, ತಂದ ಬಾವಿಗೇ ಮೆಲ್ಲಗೆ ಇಳಿಬಿಡಬೇಕು. ಕಣ್ಣಿಗೆ ಕಾಣದ ಜೀವ ತನ್ನ ಮನೆಗೆ ತಾನು ಹೋಗಲಿ ಎಂಬುದು ಲೆಕ್ಕ. ಹುಡುಗರಾಗಿದ್ದಾಗ ಆ ಕೊಡ ಹಿಡಿದು ಬಾವಿಗೆ ಹೋಗುವ ಕೆಲಸ ನನಗೇ ಬೀಳುತ್ತಿತ್ತು.

ಊಟವಾಯಿತು, ಬಾಯಿ ಮುಕ್ಕಳಿಸಿದ್ದಾಯಿತು. ಅಕ್ಕ ಕಂಬಕ್ಕೆ ಬೆನ್ನು ಕೊಟ್ಟು ಕುಂತಳು. ಕಥೆ ಹೇಳುವ ಮೊದಲು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುವುದು ಅವಳ ಚಾಳಿ. ಸುತ್ತತೊಡಗಿದಳೆಂದರೆ ಓಣಿಯ ಹುಡುಗರು ತಾವಾಗಿಯೇ ಬಂದು ಸೇರುತ್ತಾರೆ.

"ಈ ವಿದ್ಯಾಸಾಗರರು ಸದಲಗಾದವರು. ಅಷ್ಟಗೆಯವರ ಮಲ್ಲಪ್ಪ, ಶ್ರೀಮಂತಿಯವರ ಮಗ. ಆಗ ವಿದ್ಯಾಧರ ಅಂತ ಹೆಸರು. ಸಣ್ಣಾಂವ ಇದ್ದಾಗ ಕೃಷ್ಣಾ ದಾಟಿ ನಮ್ಮ ಶೇಡಬಾಳಕ್ಕ ಬಂದಿದ್ರು."

ವಿದ್ಯಾಸಾಗರರ ಚರಿತ್ರೆ ಬರೆದವರೂ ಇದನ್ನು ಹೇಳುತ್ತಾರೆ. ಒಂಬತ್ತರ ಆಸುಪಾಸಿನಲ್ಲಿ ಆ ಹುಡುಗ ಶೇಡಬಾಳದಲ್ಲಿ ಆಚಾರ್ಯ ಶಾಂತಿಸಾಗರರ ಪ್ರವಚನ ಕೇಳಿದ, ವೈರಾಗ್ಯದ ಬೀಜ ಅಲ್ಲಿಯೇ ಬಿತ್ತು ಎಂದು. ಅಕ್ಕ ಅದಕ್ಕೆ ತನ್ನದೊಂದು ಮಾತು ಸೇರಿಸಿದಳು. ಅದನ್ನು ಅಷ್ಟು ವರ್ಷ ಆಕೆ ಯಾಕೆ ಹೇಳಿರಲಿಲ್ಲವೋ.

"ಆ ಮಂದ್ಯಾಗ ನಾನೂ ಇದ್ನಿ. ನಮ್ಮವ್ವನ ಬಾಜೂಕ ಕುಂತಿದ್ನಿ. ಮಹಾರಾಜರು ಏನ್ ಹೇಳಿದ್ರೋ ಒಂದೂ ನೆನಪಿಲ್ಲ. ಧ್ವನಿ ಅಷ್ಟ ಕಿವ್ಯಾಗ ಐತಿ. ಮನಿಗೆ ಬಂದ ಮ್ಯಾಲ ಅವ್ವನ ಕಡಿಂದ ಸೋಸು ಅರಿವಿ ಕಸಗೊಂಡ್ನಿ. ಅವತ್ತಿನಿಂದ ನೀರು ಸೋಸೂದು ನಂದ."

ಆ ಹೊತ್ತಿಗೆ ನಾನು ತಲೆಯಾಡಿಸಿದೆ, ಅಷ್ಟೆ. ಮಾತು ಒಳಗೆ ಇಳಿದದ್ದು ರಾತ್ರಿ ಮಲಗಿದ ಮೇಲೆ. ಒಂದೇ ದನಿ, ಒಂದೇ ಚಪ್ಪರ, ಹೆಚ್ಚುಕಮ್ಮಿ ಒಂದೇ ವಯಸ್ಸಿನ ಎರಡು ಮಕ್ಕಳು. ಒಬ್ಬ ಮನೆ ಬಿಟ್ಟು ನಡೆದ. 1968ರಲ್ಲಿ ಅಜಮೇರದಲ್ಲಿ ಜ್ಞಾನಸಾಗರರಿಂದ ಮುನಿದೀಕ್ಷೆ ಪಡೆದ, ಕನ್ನಡದ ಮನೆಯಲ್ಲಿ ಬೆಳೆದವನು ಹಿಂದಿಯಲ್ಲಿ 'ಮೂಕಮಾಟಿ'ಯಂಥ ಮಹಾಕಾವ್ಯ ಬರೆದ, ಲಕ್ಷಾಂತರ ಜನ ಅವನ ಹಿಂದೆ ನಡೆದರು. ಇನ್ನೊಬ್ಬಾಕಿ ಶೇಡಬಾಳದ ಓಣಿಯಲ್ಲೇ ಉಳಿದಳು, ನೀರು ಸೋಸಿದಳು.

ಶಾಂತಿಸಾಗರರಿಗೆ ಈ ಎರಡರಲ್ಲಿ ಒಂದೂ ಗೊತ್ತಾಗಲಿಲ್ಲ. ಕಣ್ಣು ಮಂಜಾಗಿ, ಹೆಜ್ಜೆಯ ಕೆಳಗಿನ ಸಣ್ಣ ಜೀವ ಕಾಣದ ಹಾಗಾದಾಗ, ಅವರು 1955ರಲ್ಲಿ ಕುಂಥಲಗಿರಿಯಲ್ಲಿ ಸಲ್ಲೇಖನ ಹಿಡಿದು ತೀರಿಕೊಂಡರು. ಆಗ ಸದಲಗಾದ ಹುಡುಗ ಇನ್ನೂ ಸಾಲೆಗೆ ಹೋಗುತ್ತಿದ್ದ.

ಶಾಂತಿಸಾಗರರೂ ನಮ್ಮ ಸೀಮೆಯವರೇ. ಭೋಜದ ಪಾಟೀಲರ ಮನೆಯ ಸಾತಗೌಡ. ಭೋಜ ಅಂದರೆ ವೇದಗಂಗೆ, ದೂಧಗಂಗೆ ಕೂಡುವ ಊರು. ನೀರು ಏರಿದಾಗ ಸಾತಗೌಡ ಮುನಿಗಳನ್ನು ಹೆಗಲ ಮೇಲೆ ಹೊತ್ತು ಹೊಳೆ ದಾಟಿಸುತ್ತಿದ್ದನಂತೆ. ಹೊಲ ಕಾಯಲು ಕಳಿಸಿದರೆ ಹಕ್ಕಿ ಹೊಡೆಯುತ್ತಿರಲಿಲ್ಲವಂತೆ. ತಿನ್ನಲಿ ಎಂದು ಬಿಟ್ಟು, ಮೇಲೆ ಕುಡಿಯಲು ನೀರನ್ನೂ ಇಡುತ್ತಿದ್ದನಂತೆ. ಅಕ್ಕ ಈ ಕಥೆಯನ್ನು ನಮಗೆ ಎಷ್ಟು ಸಲ ಹೇಳಿದ್ದಾಳೆಂದರೆ, ಹಕ್ಕಿ ಮೊದಲು ಯಾವ ತೆನೆಯ ಮೇಲೆ ಕುಂತಿತು ಎಂಬುದೂ ನಮಗೆ ಬಾಯಿಪಾಠ.

ಮಾತು ದಾರಿ ತಪ್ಪಿತು, ಆದರೆ ಈ ದಾರಿಯಲ್ಲಿ ಇನ್ನೂ ಒಬ್ಬರಿದ್ದಾರೆ. ಶೇಡಬಾಳದಲ್ಲೇ 1925ರಲ್ಲಿ ಹುಟ್ಟಿದ ಉಪಾಧ್ಯೆಯವರ ಸುರೇಂದ್ರ. ಕೊಥಳಿಯ ದೇಶಭೂಷಣ ಮಹಾರಾಜರು ಅವರಿಗೆ 1963ರಲ್ಲಿ ದಿಲ್ಲಿಯಲ್ಲಿ ಮುನಿದೀಕ್ಷೆ ಕೊಟ್ಟು ವಿದ್ಯಾನಂದ ಎಂದು ಹೆಸರಿಟ್ಟರು. ಚಿಕ್ಕೋಡಿ ಕಡೆಯ ಗುರು, ಕೃಷ್ಣೆಯ ಈಚೆ ದಂಡೆಯ ಶಿಷ್ಯ, ಇಬ್ಬರೂ ದಿಲ್ಲಿಯಲ್ಲಿ! ಮಹಾವೀರರ 2500ನೆಯ ನಿರ್ವಾಣ ಮಹೋತ್ಸವಕ್ಕೂ, ಶ್ರವಣಬೆಳಗೊಳದ 1981ರ ಮಹಾಮಸ್ತಕಾಭಿಷೇಕಕ್ಕೂ ವಿದ್ಯಾನಂದರು ಬಲವಾಗಿ ನಿಂತರು. ಅದೇ ದೇಶಭೂಷಣರ ಹತ್ತಿರ, ಜೈಪುರದಲ್ಲಿ, ಮನೆ ಬಿಟ್ಟು ಹೋದ ವಿದ್ಯಾಧರ ಬ್ರಹ್ಮಚರ್ಯ ವ್ರತ ತೆಗೆದುಕೊಂಡದ್ದು.

ಜೈಪುರದವರೆಗೆ ಹೋಗಲು ರೊಕ್ಕ ಬೇಕಲ್ಲ? ಹೊಲದಲ್ಲಿ ದುಡಿದು ಗಳಿಸಿದ ಕೂಲಿಯನ್ನು ಒಬ್ಬ ಬಾಲ್ಯದ ಗೆಳೆಯ ದಾರಿಖರ್ಚಿಗೆ ಕೊಟ್ಟ ಎಂದು ಹೇಳುತ್ತಾರೆ. ಅಕ್ಕನಿಗೆ ಇಡೀ ಕಥೆಯಲ್ಲಿ ಬಹಳ ಪ್ರೀತಿಯ ಜಾಗ ಇದು. "ಅವನೂ ದೊಡ್ಡಾಂವ. ಗೆಳೆಯ ತಿರುಗಿ ಬರೂದಿಲ್ಲಂತ ಗೊತ್ತಿದ್ದೂ ಟಿಕೀಟಿಗೆ ರೊಕ್ಕಾ ಕೊಡೂದು ಅಂದ್ರ ಸಣ್ಣ ಮಾತೇನ?" ಎಂದು ಆಕೆ ನಮ್ಮನ್ನೇ ಕೇಳುತ್ತಾಳೆ.

ಹಿರಿಯರು ಕಿರಿಯರನ್ನು ತಿದ್ದುತ್ತಾರೆ ಎಂದೇ ನಾನು ಬಹುಕಾಲ ತಿಳಿದಿದ್ದೆ. ಆ ಸಂಜೆ ಅಕ್ಕ ಹೇಳಿದ್ದು ಹಾಗಿರಲಿಲ್ಲ. ವಿದ್ಯಾಧರ ಮುನಿಯಾದ ಮೇಲೆ ಇಬ್ಬರು ತಮ್ಮಂದಿರು ಅವನ ಹಿಂದೆ ಹೋದರು. ಆಮೇಲೆ ತಂದೆ ಮಲ್ಲಪ್ಪನವರೂ ಮುನಿಯಾಗಿ ಮಲ್ಲಿಸಾಗರರಾದರು, ತಾಯಿ ಶ್ರೀಮಂತಿಯವರು ಆರ್ಯಿಕೆ ಸಮಯಮತಿಯಾದರು. ಹೆತ್ತವರು ಮಗನ ದಾರಿ ಹಿಡಿದರು.

ಜ್ಞಾನಸಾಗರರದಂತೂ ಇದಕ್ಕೂ ಮೇಲಿನ ಮಾತು. ಮುಪ್ಪಿನಲ್ಲಿ ಸಿಕ್ಕ ಈ ಕನ್ನಡದ ಹುಡುಗನಿಗೆ ಅವರು ಸಂಸ್ಕೃತ ಕಲಿಸಿದರು, ತಿದ್ದಿದರು. 1972ರಲ್ಲಿ ನಸೀರಾಬಾದಿನಲ್ಲಿ ತಮ್ಮ ಆಚಾರ್ಯ ಪದವಿಯನ್ನು ಅವನಿಗೆ ಕೊಟ್ಟು, ತಾವು ಕೆಳಗಿಳಿದು, ಕಲಿಸಿದ ಹುಡುಗನನ್ನೇ ಗುರು ಎಂದು ಒಪ್ಪಿ, ಅವನ ಕೈಯಲ್ಲಿ ಸಲ್ಲೇಖನ ಪಡೆದರು. ಈ ಮಾತು ಹೇಳುವಾಗ ಅಕ್ಕನ ಬೆರಳಿನ ಸೆರಗು ಬಿಚ್ಚಿಹೋಗಿತ್ತು. ಹುಡುಗರಲ್ಲಿ ಒಬ್ಬ, "ಅಂದ್ರ ಮಾಸ್ತರ್ರು ನನ್ನ ಪಾಯಾ ಬೀಳಬೇಕಾ?" ಎಂದ. ಅಕ್ಕ ನಕ್ಕು, "ಅಷ್ಟು ಓದು, ಆಮ್ಯಾಲ ನೋಡೂಣು" ಅಂದಳು.

ಈಗ ನಾನಿರುವುದು ಹುಬ್ಬಳ್ಳಿಯಲ್ಲಿ. ಬ್ಯಾಸಗಿ ಬಂತೆಂದರೆ ಗಚ್ಚಿನ ಮೇಲೆ ಹಕ್ಕಿಗೆಂದು ಮಣ್ಣಿನ ಪರಾತದಲ್ಲಿ ನೀರಿಡುತ್ತೇನೆ. ಯಾಕೆ ಇಡುತ್ತೇನೆಂದು ಯಾರಿಗೂ ಹೇಳಿದವನಲ್ಲ, ನನಗೂ ಅದು ಮೈಗಂಟಿದ ರೂಢಿ. ಒಂದು ವರ್ಷ ಏಪ್ರಿಲ್‌ನಲ್ಲಿ ಬಹಳ ದಿನ ಊರಲ್ಲಿರಲಿಲ್ಲ. ಬಂದು ನೋಡಿದರೆ ಪರಾತ ತುಂಬಿತ್ತು, ಪಕ್ಕದಲ್ಲಿ ಹಿಡಿ ಜೋಳವೂ ಇತ್ತು. ಬಾಜೂ ಮನೆಯ ಹುಡುಗ ದಿನಾ ಮೆಟ್ಟಿಲು ಹತ್ತಿ ತುಂಬಿಸಿದ್ದ. ಅವರದು ಮುಸಲ್ಮಾನರ ಮನೆ. ಅವನಿಗೆ ಶಾಂತಿಸಾಗರರ ಹೆಸರು ಗೊತ್ತಿಲ್ಲ, ಭೋಜ ಎಲ್ಲಿದೆ ಗೊತ್ತಿಲ್ಲ, ಅಕ್ಕನನ್ನು ಅವನು ಕಂಡಿಲ್ಲ.

ಆಗ ನನಗೆ ತಿಳಿಯಿತು. ಭೋಜದ ಹೊಲದಲ್ಲಿ ಒಬ್ಬ ಒಕ್ಕಲಮಗ ಇಟ್ಟ ನೀರು ಕಥೆಯಾಗಿ ಅಕ್ಕನ ಬಾಯಿಗೆ, ಅವಳಿಂದ ನನ್ನ ಕೈಗೆ, ನನ್ನಿಂದ ಈ ಹುಡುಗನಿಗೆ ಬಂದಿದೆ. ದೊಡ್ಡವರ ಚರಿತ್ರೆಯಲ್ಲಿ ಒಂದು ದಾರಿಯಷ್ಟೇ ಬರೆದಿರುತ್ತದೆ, ಅದೂ ಬೇಕು. ಆದರೆ ಅದೇ ಪ್ರವಚನ ಕೇಳಿ ಮನೆಗೆ ಹೋದವರು ಎಷ್ಟು ಮಂದಿಯೋ, ಅವರಿಂದ ಹೊರಟ ದಾರಿಗಳು ಎಷ್ಟೋ. ಆ ದಾರಿಗಳಲ್ಲಿ ನಾವೆಲ್ಲ ಯಾರಿಂದಲೋ ತೆಗೆದುಕೊಂಡಿದ್ದೇವೆ, ಯಾರಿಗೋ ಕೊಡುತ್ತಿದ್ದೇವೆ, ಕೊಡುವ ಹೊತ್ತಿಗೆ ನಮಗೆ ಗೊತ್ತೂ ಇರುವುದಿಲ್ಲ. ಹಾಗಾಗಿ ಮಕ್ಕಳು ನೋಡಲಿ, ನೋಡದಿರಲಿ, ಮಾಡುವ ಸಣ್ಣ ಕೆಲಸವನ್ನು ಚೊಕ್ಕ ಮಾಡಬೇಕು ಎಂದೇ ನಾನು ನಂಬಿದ್ದೇನೆ.

ಮಳೆಗಾಲ ಮುಗಿದ ಮೇಲೆ ಆ ಹುಡುಗನನ್ನು ಭೋಜಕ್ಕೆ ಕರೆದುಕೊಂಡು ಹೋಗುತ್ತೇನೆಂದು ಅವರ ಮನೆಯಲ್ಲಿ ಹೇಳಿದ್ದೇನೆ. ಅವರಮ್ಮ ಒಪ್ಪಿದ್ದಾರೆ, ಬುತ್ತಿ ತಾವೇ ಕಟ್ಟಿಕೊಡುತ್ತಾರಂತೆ.