ಎದೆಬಡಿತವೆಂಬ ಸಾಕ್ಷಿ

‘ಕಾರ್ಟೂನು’ ಎಂದೊಡನೆ ನನ್ನ ವಯಸ್ಸಿನವರಿಗೆ ನೆನಪಾಗುವುದು ಇಲಿಯನ್ನು ಅಟ್ಟಿಸಿಕೊಂಡು ಹೋಗುವ ಬೆಕ್ಕು. ಗೋಡೆಗೆ ಬಡಿದು ಚಪ್ಪಟೆಯಾದರೂ ಅದು ಮರುಗಳಿಗೆಯಲ್ಲೇ ಮೈಕೊಡವಿ ಎದ್ದು ಓಡುತ್ತದೆ. ಆದರೆ ಶಿವಾಜಿನಗರ, ಹಲಸೂರು, ಇಂದಿರಾನಗರಗಳ ನಮ್ಮ ಯುವಜನರು ಇಂದು ತನ್ಮಯರಾಗಿ ನೋಡುವ ಜಪಾನಿನ ‘ಅನಿಮೆ’ಗಳ ಪ್ರಪಂಚವೇ ಬೇರೆ. ಅಲ್ಲಿ ಬಿದ್ದವರು ಏಳದೆ ಹೋಗುವುದುಂಟು. ಉಳಿದವರು ಅವರಿಗಾಗಿ ಅಳುವುದುಂಟು. ೨೦೦೪ರಲ್ಲಿ ಅನಿಮ್ಯಾಕ್ಸ್ ವಾಹಿನಿ ಭಾರತದಲ್ಲಿ ಆರಂಭವಾದಾಗ ಕೆಲವೇ ಮನೆಗಳಲ್ಲಿದ್ದ ಈ ಆಸಕ್ತಿ ಈಗ ಬಹಳ ಬೆಳೆದಿದೆ. ವೈಟ್‌ಫೀಲ್ಡಿನಲ್ಲಿ ಕಾಮಿಕ್ ಕಾನ್ ಮೇಳ ನಡೆದ ದಿನಗಳಲ್ಲಿ ನೀಲಿ ಕೂದಲು ತೊಟ್ಟು ರಟ್ಟಿನ ಖಡ್ಗ ಹಿಡಿದ ಮಕ್ಕಳನ್ನು ಕೆ.ಆರ್. ಪುರದ ಮೆಟ್ರೊ ನಿಲ್ದಾಣದಲ್ಲಿ ನಾನೇ ಕಂಡಿದ್ದೇನೆ.

“ಅದರಲ್ಲಿ ಅಂಥದ್ದೇನಿದೆ ಫಾದರ್?” ಎಂದು ತಂದೆತಾಯಂದಿರು ಆಗಾಗ ಕೇಳುತ್ತಾರೆ. ನಾನು ಆ ಪ್ರಶ್ನೆಯನ್ನು ನಮ್ಮ ಯುವಕೂಟದ ಮುಂದಿಟ್ಟೆ. ಅವರು ಒಂದು ಸರಣಿಯನ್ನು ಆರಿಸಿದರು. ನಾಲ್ಕು ಭಾನುವಾರಗಳ ಸಂಜೆ, ಪೂಜೆಯ ನಂತರ, ಧರ್ಮಕೇಂದ್ರದ ಸಭಾಂಗಣದಲ್ಲಿ ಕುಳಿತು ಎಲ್ಲರೂ ಅದನ್ನು ನೋಡಿದೆವು.

ಸರಣಿಯ ಹೆಸರು ‘ಸೀರಿಯಲ್ ಎಕ್ಸ್‌ಪೆರಿಮೆಂಟ್ಸ್ ಲೇನ್’. ೧೯೯೮ರ ಜುಲೈನಿಂದ ಸೆಪ್ಟೆಂಬರ್‌ವರೆಗೆ ಜಪಾನಿನ ದೂರದರ್ಶನದಲ್ಲಿ ೧೩ ಕಂತುಗಳಾಗಿ ಪ್ರಸಾರವಾಯಿತು. ನಿರ್ದೇಶಕರು ರ್ಯೂತಾರೊ ನಾಕಾಮುರಾ, ಬರೆದವರು ಚಿಯಾಕಿ ಕೊನಾಕಾ. ಆ ಕಾಲವನ್ನು ನೆನೆಯಿರಿ. ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಕಾಫಿ ಡೇಯ ಮೊದಲ ಅಂಗಡಿ ಸೈಬರ್ ಕೆಫೆಯಾಗಿ ತೆರೆದು (೧೯೯೬) ಎರಡು ವರ್ಷವಷ್ಟೇ ಆಗಿತ್ತು. ಅಂತರಜಾಲ ನಮಗೆ ಆಗಿನ್ನೂ ಗಂಟೆಗಿಷ್ಟೆಂದು ಹಣ ತೆತ್ತು ನೋಡುವ ಸೋಜಿಗವಾಗಿತ್ತು.

ಕಥೆಯಲ್ಲಿ ಲೇನ್ ಹದಿನಾಲ್ಕರ ಹುಡುಗಿ. ಮಾತು ಕಡಿಮೆ, ಮನೆಯಲ್ಲಿ ಅವಳನ್ನು ಮಾತನಾಡಿಸುವವರೂ ಕಡಿಮೆ. ಅವಳ ಶಾಲೆಯ ಚಿಸಾ ಎಂಬ ವಿದ್ಯಾರ್ಥಿನಿ ಕಟ್ಟಡದಿಂದ ಹಾರಿ ಪ್ರಾಣ ಬಿಡುತ್ತಾಳೆ. ಕೆಲವೇ ದಿನಗಳಲ್ಲಿ ಸತ್ತವಳ ಹೆಸರಿನಿಂದ ಸಹಪಾಠಿಗಳಿಗೆ ಮಿಂಚಂಚೆ ಬರತೊಡಗುತ್ತದೆ: ತಾನು ದೇಹವನ್ನಷ್ಟೇ ತೊರೆದಿದ್ದೇನೆ, ‘ವೈರ್ಡ್’ ಎಂಬ ಜಾಲದೊಳಗೆ ಬದುಕಿದ್ದೇನೆ, ಇಲ್ಲಿ ದೇವರಿದ್ದಾನೆ ಎಂದು. ಆ ‘ದೇವರು’ ಮಸಾಮಿ ಎಯಿರಿ ಎಂಬ ತಂತ್ರಜ್ಞ. ತನ್ನ ಪ್ರಜ್ಞೆಯನ್ನು ಜಾಲದ ನಿಯಮಾವಳಿಯೊಳಗೆ ಸೇರಿಸಿ, ಶರೀರವನ್ನು ರೈಲು ಹಳಿಯ ಮೇಲೆ ಕಳೆದುಕೊಂಡವನು. ಮನುಷ್ಯರಿಗೆ ಇನ್ನು ದೇಹ ಬೇಡ ಎಂಬುದು ಅವನ ಸುವಾರ್ತೆ.

ನೋಡಿ ಮುಗಿದ ಮೇಲೆ ಅಭಿಪ್ರಾಯಗಳ ಮಹಾಪೂರ. ಹಲಸೂರಿನ ವಿದ್ಯಾರ್ಥಿಯೊಬ್ಬ, “ಫಾದರ್, ಅರ್ಧ ಅರ್ಥವೇ ಆಗಲಿಲ್ಲ. ಆದರೆ ಆ ವಿದ್ಯುತ್ ತಂತಿಗಳ ಗುಂಯ್‌ಗುಡುವ ಸದ್ದು ಮನೆಗೆ ಹೋದ ಮೇಲೂ ಕಿವಿಯಲ್ಲಿತ್ತು” ಎಂದ. ಇಂದಿರಾನಗರದ ಸಾಫ್ಟ್‌ವೇರ್ ಉದ್ಯೋಗಿ ಅದನ್ನು ಕಾಲಜ್ಞಾನವೆಂದೇ ಕರೆದರು: ಗೆಳತಿಯ ಗುಟ್ಟೊಂದು ಜಾಲದಲ್ಲಿ ಹರಡಿ ಅವಳ ಮಾನ ಕಳೆಯುವುದು, ಒಬ್ಬಳೇ ಹುಡುಗಿಗೆ ಅಲ್ಲೊಂದು ಇಲ್ಲೊಂದು ಮುಖವಿರುವುದು, ಇವೆಲ್ಲ ವಾಟ್ಸ್‌ಆಪ್ ಹುಟ್ಟುವ ಮೊದಲೇ ಅಲ್ಲಿದೆಯಲ್ಲ! ಧರ್ಮೋಪದೇಶ ಕಲಿಸುವ ಶಿಕ್ಷಕಿಗೆ ಮಾತ್ರ ಅಸಮಾಧಾನ. ತಾನೇ ದೇವರೆನ್ನುವ ಪಾತ್ರವನ್ನು ಎಳೆಯರ ಮುಂದಿಡುವುದು ಸರಿಯೇ ಎಂಬುದು ಅವರ ಪ್ರಶ್ನೆ. ಆದರೆ ಕಥೆ ಎಯಿರಿಯನ್ನು ಗೆಲ್ಲಿಸುವುದಿಲ್ಲ. ದೇಹ ಬೇಡವೆಂದವನೇ ಕೊನೆಗೆ ದೇಹ ಧರಿಸಲು ಹವಣಿಸಿ, ವಿಕಾರವಾದ ಮಾಂಸದ ಮುದ್ದೆಯಾಗಿ ನಾಶವಾಗುತ್ತಾನೆ. ಕೊನೆಯಲ್ಲಿ ಲೇನ್ ಎಲ್ಲರ ನೋವನ್ನು ಅಳಿಸುವುದಕ್ಕಾಗಿ ಎಲ್ಲರ ನೆನಪಿನಿಂದ ತನ್ನನ್ನೇ ಅಳಿಸಿಕೊಳ್ಳುತ್ತಾಳೆ. ಅದು ತ್ಯಾಗವೆಂದು ಕೆಲವರು, ಸೋಲೆಂದು ಕೆಲವರು ವಾದಿಸಿದರು.

ಈ ಸರಣಿಯ ನಿರ್ಮಾಪಕ ಯಾಸುಯುಕಿ ಉಯೆದಾ ಅವರಿಗೆ ಒಂದು ವಿಚಿತ್ರ ಆಸೆಯಿತ್ತಂತೆ. ಜಪಾನೀಯರು ಇದನ್ನು ಒಂದು ರೀತಿ, ಅಮೆರಿಕನ್ನರು ಇನ್ನೊಂದು ರೀತಿ ಅರ್ಥಮಾಡಿಕೊಂಡು ಇಬ್ಬರಲ್ಲೂ ವಿಚಾರಗಳ ಸಂಘರ್ಷವಾಗಲಿ, ಅದರಿಂದ ಹೊಸ ಸಂವಾದ ಹುಟ್ಟಲಿ ಎಂದು. ಎರಡೂ ದೇಶಗಳ ವೀಕ್ಷಕರ ಅಭಿಪ್ರಾಯ ಹೆಚ್ಚುಕಡಿಮೆ ಒಂದೇ ಆಗಿದ್ದುದನ್ನು ಕಂಡು ಅವರಿಗೆ ನಿರಾಶೆಯಾಯಿತಂತೆ. ನನಗೆ ಇದು ನಿರಾಶೆಯ ಸಂಗತಿಯಾಗಿ ಕಾಣಲಿಲ್ಲ. ಒಂಟಿತನಕ್ಕೆ ಪಾಸ್‌ಪೋರ್ಟು ಬೇಕಿಲ್ಲ. ಅದು ಟೋಕಿಯೊದಲ್ಲಿ ಹೇಗೋ ಕೆ.ಆರ್. ಪುರದಲ್ಲೂ ಹಾಗೆಯೇ.

ಕೆ.ಆರ್. ಪುರದಿಂದ ಬರುವ ಯುವತಿಯೊಬ್ಬಳು ನಾಲ್ಕೂ ವಾರ ಹಿಂದಿನ ಸಾಲಿನಲ್ಲಿ ಸುಮ್ಮನೆ ಕುಳಿತಿದ್ದಳು. ಕೊನೆಯ ದಿನ ಮಾತನಾಡಿದಳು. “ಸತ್ತವರಿಂದ ಮೆಸೇಜ್ ಬರೋದು ನೋಡಿ ಇವರೆಲ್ಲ ಹೆದರಿದ್ರು. ನನಗೆ ಹೆದರಿಕೆ ಆಗಲಿಲ್ಲ ಫಾದರ್, ಹೊಟ್ಟೆಕಿಚ್ಚಾಯ್ತು.” ಅವಳ ತಾಯಿ ತೀರಿಕೊಂಡದ್ದು ೨೦೨೧ರ ಕೋವಿಡ್ ಎರಡನೇ ಅಲೆಯಲ್ಲಿ. ವಾರ್ಡಿನೊಳಗೆ ಯಾರನ್ನೂ ಬಿಡುತ್ತಿರಲಿಲ್ಲ. ದಾದಿಯೊಬ್ಬರು ಹಿಡಿದ ಫೋನಿನಲ್ಲಿ ಕಂಡದ್ದೇ ಕೊನೆಯ ದರ್ಶನ. ಕೈಗೆ ಬಂದದ್ದು ಸುತ್ತಿ ಬಿಗಿದ ಮೃತದೇಹ. ಅಂದಿನಿಂದ ಪ್ರತಿರಾತ್ರಿ ತಾಯಿಯ ಸಂಖ್ಯೆಗೆ “ಊಟ ಆಯ್ತಮ್ಮ, ಮಲಗ್ತೀನಿ” ಎಂದು ಸಂದೇಶ ಕಳುಹಿಸುತ್ತಿದ್ದಳು. ತಿಂಗಳುಗಳು ಕಳೆದವು. ಒಂದು ರಾತ್ರಿ ತಾಯಿಯ ಭಾವಚಿತ್ರವಿದ್ದ ಜಾಗದಲ್ಲಿ ಯಾವುದೋ ಅಪರಿಚಿತ ಮಗುವಿನ ಚಿತ್ರ ಕಾಣಿಸಿತು. ಬಳಕೆಯಾಗದ ಸಂಖ್ಯೆಯನ್ನು ಕಂಪನಿಯವರು ಇನ್ನೊಬ್ಬರಿಗೆ ಕೊಡುವುದು ವಾಡಿಕೆ. “ಅವತ್ತು ಅಮ್ಮ ಎರಡನೇ ಸಲ ಹೋದ್ರು” ಎಂದಳು.

ಸಭಾಂಗಣ ನಿಶ್ಶಬ್ದವಾಯಿತು. ಅವಳೇ ಮುಂದುವರಿಸಿದಳು: “ಆದರೆ ಆಲಿಸ್ ಬರ್ತಾಳಲ್ಲ, ಆ ಜಾಗ ಮಾತ್ರ ನಾನು ಮನೆಯಲ್ಲಿ ಮೂರು ಸಲ ನೋಡಿದೆ.”

ಆ ದೃಶ್ಯ ನಿಜಕ್ಕೂ ಸರಣಿಯ ಹೃದಯ. ದೇಹವೆಂಬುದು ಬರೀ ಭ್ರಮೆಯೆಂದು ನಂಬುವ ಅಂಚಿಗೆ ಬಂದ ಲೇನ್ ತಂತಿಗಳ ನಡುವೆ ಕುಳಿತಿರುತ್ತಾಳೆ. ಗೆಳತಿ ಆಲಿಸ್ ಹೆದರುತ್ತಲೇ ಕತ್ತಲೆಯ ಕೋಣೆಗೆ ಬರುತ್ತಾಳೆ. ತತ್ತ್ವ ಹೇಳುವುದಿಲ್ಲ. ಲೇನಳ ಕೈಯನ್ನು ಹಿಡಿದು ತನ್ನ ಎದೆಯ ಮೇಲಿಡುತ್ತಾಳೆ. ಎದೆ ಬಡಿಯುತ್ತಿದೆ, ಹೆದರಿಕೆಯಿಂದ ಇನ್ನೂ ಜೋರಾಗಿ ಬಡಿಯುತ್ತಿದೆ. ಜಾಲದ ದೇವರ ಇಡೀ ವಾದಕ್ಕೆ ಅದೊಂದೇ ಉತ್ತರ.

ಬೈಬಲ್ ಬಲ್ಲವರಿಗೆ ಇಲ್ಲಿ ಸಂತ ತೋಮರು ನೆನಪಾಗದಿರುತ್ತಾರೆಯೇ? ಸಂಶಯಪಟ್ಟ ಶಿಷ್ಯನೊಡನೆ ಪುನರುತ್ಥಾನಿ ಯೇಸು ವಾದ ಮಾಡಲಿಲ್ಲ. ತಮ್ಮ ಗಾಯಗಳನ್ನು ಮುಂದೊಡ್ಡಿದರು. ನಮ್ಮ ವಿಶ್ವಾಸದಲ್ಲಿ ದೇವರು ನರದೇಹ ತಾಳಿ, ಹಸಿದು, ದಣಿದು, ರಕ್ತ ಸುರಿಸಿದವರು. ಶಿವಾಜಿನಗರದಲ್ಲಿ ಸೆಪ್ಟೆಂಬರ್ ೮ರ ಹಬ್ಬಕ್ಕೆ ಬರುವ ಅಜ್ಜಿ ಸೀರೆಯುಟ್ಟ ಮಾತೆಯ ಮುಂದೆ ಮೇಣದಬತ್ತಿ ಹಚ್ಚಲು ನೂಕುನುಗ್ಗಲಿನಲ್ಲಿ ಗಂಟೆಗಟ್ಟಲೆ ನಿಲ್ಲುತ್ತಾಳೆ. ಆಕೆಗೆ ಈ ಸತ್ಯ ದೇವಶಾಸ್ತ್ರ ಓದದೆಯೇ ಗೊತ್ತು.

ಹಾಗೆಂದು ನಾನು ತಂತ್ರಜ್ಞಾನವನ್ನು ಹಳಿಯಲಾರೆ. ೨೦೨೦ರಲ್ಲಿ ದೇವಾಲಯಗಳ ಬಾಗಿಲು ಮುಚ್ಚಿದಾಗ ಖಾಲಿ ಬೆಂಚುಗಳ ನಡುವೆ ನಿಲ್ಲಿಸಿದ ಒಂದು ಫೋನಿನ ಮುಂದೆ ನಾನೂ ಬಲಿಪೂಜೆ ಅರ್ಪಿಸಿದ್ದೇನೆ. ಎಷ್ಟೋ ಮನೆಗಳಿಗೆ ಅದರಿಂದ ಸಾಂತ್ವನ ದೊರೆಯಿತು. ಆ ದಾದಿಯ ಕೈಯಲ್ಲಿದ್ದ ಫೋನೂ ಒಂದು ಕರುಣೆಯೇ. ಆದರೂ ಅಂತರಜಾಲದಲ್ಲಿ ಸಂಸ್ಕಾರಗಳಿಲ್ಲವೆಂದು ವ್ಯಾಟಿಕನ್ ೨೦೦೨ರಷ್ಟು ಹಿಂದೆಯೇ ಸ್ಪಷ್ಟಪಡಿಸಿತ್ತು. ಪರದೆಯ ಮೂಲಕ ಪ್ರಾರ್ಥಿಸಬಹುದು. ಪರಮಪ್ರಸಾದವನ್ನು ಸ್ವೀಕರಿಸಲಾಗದು, ರೋಗಿಯ ಹಣೆಗೆ ತೈಲ ಹಚ್ಚಲಾಗದು. ೨೦೨೫ರ ಸೆಪ್ಟೆಂಬರ್ ೭ರಂದು ಸಂತಪದವಿಗೇರಿದ ಕಾರ್ಲೊ ಅಕ್ಯುಟಿಸ್ ಹದಿನೈದರಲ್ಲೇ ತೀರಿಕೊಂಡ ಬಾಲಕ, ಹೆಚ್ಚುಕಡಿಮೆ ಲೇನಳ ವಯಸ್ಸಿನವನು. ಅವನೂ ಗಣಕಯಂತ್ರದ ಮುಂದೆ ಕುಳಿತವನೇ. ಆದರೆ ಅವನು ಕಟ್ಟಿದ ಜಾಲತಾಣ ಪರಮಪ್ರಸಾದದ ಅದ್ಭುತಗಳ ಕುರಿತದ್ದು. ನೋಡುವವರನ್ನು ಅದು ಪರದೆಯಿಂದಾಚೆಗೆ, ಪೀಠದ ಕಡೆಗೆ ಕಳುಹಿಸುತ್ತದೆ.

ತಂದೆತಾಯಂದಿರಲ್ಲಿ ಒಂದು ವಿನಂತಿ. ಈ ಸರಣಿಯಲ್ಲಿ ಆತ್ಮಹತ್ಯೆಯ ದೃಶ್ಯಗಳಿವೆ. ಚಿಕ್ಕ ಮಕ್ಕಳಿಗೆ ತೋರಿಸಬೇಡಿ. ಬೆಳೆದ ಮಕ್ಕಳು ಇಂಥದ್ದನ್ನು ನೋಡುತ್ತಿದ್ದರೆ ಗದರಿಸಿ ಆರಿಸುವ ಬದಲು ಒಂದು ಕಂತಾದರೂ ಪಕ್ಕದಲ್ಲಿ ಕುಳಿತು ನೋಡಿ, ಅಭಿಪ್ರಾಯ ಕೇಳಿ. ಲೇನಳ ಮನೆಯಲ್ಲಿ ಎಲ್ಲ ಉಪಕರಣಗಳಿದ್ದವು. ಆ ಪಕ್ಕದ ಕುರ್ಚಿಯಲ್ಲಿ ಕೂರುವವರು ಮಾತ್ರ ಇರಲಿಲ್ಲ.

ಆ ಯುವತಿಯ ಮಾತಿಗೆ ಅಂದು ನಾನು ಯಾವ ಉತ್ತರವನ್ನೂ ಕೊಡಲಿಲ್ಲ. ಧರ್ಮೋಪದೇಶದ ಶಿಕ್ಷಕಿ ಎದ್ದುಹೋಗಿ ಅವಳ ಪಕ್ಕದಲ್ಲಿ ಕುಳಿತು, ಕೈ ಹಿಡಿದುಕೊಂಡರು. ಮುಂದೆ ನವೆಂಬರ್ ೨ರಂದು, ಮೃತರ ಸ್ಮರಣೆಯ ದಿನ, ಕಲ್ಪಳ್ಳಿಯ ಸ್ಮಶಾನದಲ್ಲಿ ಸಮಾಧಿಗಳನ್ನು ಮಂತ್ರಿಸುತ್ತಾ ಹೋದಾಗ ಇಬ್ಬರನ್ನೂ ಕಂಡೆ. ಶಿಕ್ಷಕಿ ಶಿಲುಬೆಗೆ ಸುಣ್ಣ ಹಚ್ಚುತ್ತಿದ್ದರು. ಹುಡುಗಿ ಚಪ್ಪಲಿ ಬಿಟ್ಟು ಮಂಡಿಯೂರಿ, ತಾಯಿಯ ಸಮಾಧಿಯ ಮೇಲಿನ ಕಳೆಯನ್ನು ಬರಿಗೈಯಿಂದ ಕೀಳುತ್ತಿದ್ದಳು. ಫೋನು ಚೀಲದಲ್ಲೆಲ್ಲೋ ಇತ್ತು. ಉಗುರುಗಳ ತುಂಬ ಮಣ್ಣು.